ಪೊಲೀಸರ ತಪ್ಪು ಬರೆಯೋ ಕೆಲಸಕ್ಕೆ ಪೂರ್ತಿ ಇಳಿಯಬಹುದಾ? ಅನುಭವ ಹೇಳಿ

ಹೊಸಬೀಟು: ಜಿಲ್ಲಾ ಪತ್ರಿಕೆಯಲ್ಲಿ ಮೂರು ವರ್ಷದಿಂದ ಕ್ರೈಂ ಬೀಟು. ಲಾಕಪ್ ಸಾವು, ಅಕ್ರಮ ಬಂಧನ ಇವನ್ನಷ್ಟೇ ಹಿಡಿದು ತನಿಖಾ ವರದಿ ಮಾಡೋಣ ಅಂತಿದ್ದೇನೆ. ಮನೆ ಬಾಡಿಗೆ ಹುಟ್ಟುತ್ತಾ?

ಕಡತದವ: ಪೇದೆಗಳ ಬಾಯಿಮಾತು ನಂಬಿ ಇಳಿಯಬೇಡಿ. ಒಂದು ಬಂಧನದ ಹೊತ್ತು ನಾಲ್ಕು ಕಡೆ ದಾಖಲಾಗಿರುತ್ತೆ: ಅರೆಸ್ಟ್ ಮೆಮೊ, ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿನ ವೈದ್ಯಕೀಯ ದಾಖಲೆ) ರಿಜಿಸ್ಟರ್, ರಿಮಾಂಡ್ ಅರ್ಜಿ, ಜೀಪಿನ ಲಾಗ್‌ಬುಕ್. ನಾಲ್ಕನ್ನೂ ಪಕ್ಕಪಕ್ಕ ಇಡಿ. ಮೆಮೊದಲ್ಲಿ ಬೆಳಗ್ಗೆ 6, ಲಾಗ್‌ಬುಕ್‌ನಲ್ಲಿ ಹಿಂದಿನ ರಾತ್ರಿ 11 ಅಂತಿದ್ದರೆ ನಡುವಿನ ಏಳು ಗಂಟೆಯೇ ಸುದ್ದಿ.

ಆರ್‌ಟಿಐನಲ್ಲಿ ತನಿಖಾ ಕಡತ ಕೇಳಿದರೆ ತನಿಖೆಗೆ ಅಡ್ಡಿಯಾಗೋ ಮಾಹಿತಿ ಕೊಡಬೇಕಿಲ್ಲ ಅನ್ನೋ 8(1)(ಎಚ್) ಕಲಂ ತೋರಿಸಿ ವಾಪಸ್ ಕಳಿಸ್ತಾರೆ. ತನಿಖೆ ನಡೀತಿದೆ ಅಂದರಷ್ಟೇ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿ ಅಂತ ಹೇಳಬೇಕು ಅಂತ ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ, ಮೇಲ್ಮನವಿಯಲ್ಲಿ ಅದನ್ನು ಹಾಕಿ. ಅದಕ್ಕಿಂತ ಲಾಗ್‌ಬುಕ್‌ಗೊಂದು, ಡ್ಯೂಟಿ ಪಟ್ಟಿಗೊಂದು ಅರ್ಜಿ ಹಾಕೋದು ವಾಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ 150 ಪದದೊಳಗೆ ಒಂದೇ ವಿಷಯ. ಅರ್ಜಿಗೆ 10 ರೂ., ಪುಟಕ್ಕೆ 2 ರೂ. ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ 30, ಮಾಹಿತಿ ಆಯೋಗಕ್ಕೆ ಹೋಗಲು 90. ದುಡ್ಡು ಹೋಗೋದು ಇದಕ್ಕಲ್ಲ, ಬಸ್ ಚಾರ್ಜಿಗೆ ಮತ್ತು ಕಾಯೋದಕ್ಕೆ.

ಹಳೇಬೀಟು: ಲಾಗ್‌ಬುಕ್ ಅಂತೆ! ವಾರಕ್ಕೊಮ್ಮೆ ಕೂತು ತುಂಬಿಸೋ ಪುಸ್ತಕ ಅದು. ಯಾವ ಜೀಪು, ಯಾವ ರಾತ್ರಿ ಅಂತ ಪೇದೆ ಹೇಳದೆ ಇನ್ಯಾರು ಹೇಳ್ತಾರೆ? ಆ ಪೇದೆಯನ್ನ ಉಳಿಸಿಕೊಳ್ಳೋದನ್ನ ಮೊದಲು ಕಲೀರಿ. ಅವರ ನಂಬರಿಗೆ ಫೋನ್ ಬೇಡ, ಸಿಡಿಆರ್‌ನಲ್ಲಿ (ಫೋನ್ ಕಂಪನಿಯ ಕರೆ ದಾಖಲೆ) ಸಿಕ್ಕಿಬೀಳ್ತಾರೆ. ಅವರು ಕಳಿಸಿದ ಪುಟದ ಫೋಟೊ ಹಾಗೇ ಅಚ್ಚು ಹಾಕಬೇಡಿ. ಮಡಿಕೆ, ಸೀಲಿನ ಓರೆ, ಹೆಬ್ಬೆರಳ ನೆರಳು ನೋಡಿಯೇ ಯಾರು ತೆಗೆದದ್ದು ಅಂತ ಹಿಡೀತಾರೆ.

ಕಡತದವ: ತುಂಬಿಸಲಿ, ಸಂತೋಷ. ಪೆಟ್ರೋಲ್ ಬಂಕಿನ ಬಿಲ್ಲಿಗೂ ಪುಸ್ತಕದ ಕಿಲೋಮೀಟರಿಗೂ ತಾಳೆ ಬೀಳಬೇಕಲ್ಲ? ಠಾಣೆಯ ಚಹಾ ಕುಡಿದವರಿಗೆ ಈ ಲೆಕ್ಕ ಹಿಡಿಸಲ್ಲ.

ಹಳೇಬೀಟು: ಚಹಾದ ಮಾತು ಬೇಡ. ಪೊಲೀಸರ ಪ್ರೆಸ್ ನೋಟ್ ಟೈಪ್ ಮಾಡಿ ಬೈಲೈನ್ (ವರದಿಗೆ ತಮ್ಮ ಹೆಸರು) ಹಾಕಿಕೊಂಡವರು ಯಾರು ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ವಾಯಿದೆ: ಇಬ್ಬರೂ ಸಿಸಿಟಿವಿ ಮರೆತಿರಿ. ಠಾಣೆಯ ದೃಶ್ಯ 18 ತಿಂಗಳು ಉಳಿಯಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಡಿಸ್ಕ್ ತುಂಬಿದರೆ ಹಳೇದರ ಮೇಲೆ ಹೊಸದು ಬರೆದುಕೊಳ್ಳುತ್ತೆ. ಅದಕ್ಕೇ ಘಟನೆಯಾದ ವಾರದೊಳಗೆ ಕ್ಯಾಮೆರಾ ಇರೋ ಜಾಗ, ತಾರೀಕು, ಗಂಟೆ ಬರೆದು ‘ಅಳಿಸಬೇಡಿ’ ಅಂತ ಎಸ್‌ಪಿಗೆ ಸ್ಪೀಡ್ ಪೋಸ್ಟ್ ಹಾಕಿ, ಸ್ವೀಕೃತಿ ಚೀಟಿ ಜೋಪಾನ. ಆಮೇಲೆ ‘ಕ್ಯಾಮೆರಾ ಕೆಟ್ಟಿತ್ತು’ ಅಂದರೆ ದುರಸ್ತಿ ದೂರಿನ ಪ್ರತಿ ಕೇಳಿ.

ಅಚ್ಚಿಗೆ ಮುಂಚೆ ಪ್ರಶ್ನೆಗಳನ್ನ ಇಮೇಲಲ್ಲಿ ಕಳಿಸಿ, ಉತ್ತರ ಬಾರದಿದ್ದರೂ ಕಳಿಸಿದ್ದಕ್ಕೆ ಪುರಾವೆ ಇರುತ್ತೆ. ಮಾನನಷ್ಟ ಈಗ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 356ನೇ ಕಲಂ, ಎರಡು ವರ್ಷದವರೆಗೆ ಶಿಕ್ಷೆ. ವಕೀಲರ ಫೀಸು ಪತ್ರಿಕೆ ಕೊಡುತ್ತೆ ಅಂತ ಸಂಪಾದಕರ ಕೈಯಲ್ಲಿ ಬರೆಸಿಕೊಳ್ಳದೆ ಬೈಲೈನ್ ಕೊಡಬೇಡಿ.

ಹಳೇಬೀಟು: ಬರೆದುಕೊಡೋ ಸಂಪಾದಕರ ವಿಳಾಸ ಇದ್ದರೆ ಹಾಕಿ ಸ್ವಾಮಿ.

ವಾಯಿದೆ: ಕೇಳೋಕೇ ಹೆದರಿದವರಿಗೆ ವಿಳಾಸ ಕೊಟ್ಟೇನು ಬಂತು?

ಹೊಸಬೀಟು: ಬಾಡಿಗೆ ಕೇಳಿದ್ದೆ...

ಕಡತದವ: ಬಂಕಿನ ಬಿಲ್ಲು ಸರ್ಕಾರಿ ಕೂಪನ್ನಾ, ನಗದಾ ಅನ್ನೋದನ್ನ ಮೊದಲು ನೋಡಿ. ಹಳೇಬೀಟು ಅವರಿಗೆ ಅದೂ ಗೊತ್ತಿರಲಿಕ್ಕಿಲ್ಲ.