ನೆಗಡಿಯಾದಾಗಲೆಲ್ಲ ಉಬ್ಬಸ: ಮಗುವಿಗೆ ರೋಗನಿರೋಧಕ ಶಕ್ತಿ ಕಡಿಮೆಯೇ?

ಪ್ರಶ್ನೆ: ಡಾಕ್ಟರ್, ನಮಸ್ಕಾರ. ನನ್ನ ಮಗನಿಗೆ ನಾಲ್ಕು ವರ್ಷ. ಉಬ್ಬಸವಿದೆ ಎಂದು ವೈದ್ಯರು ಹೇಳಿದ್ದಾರೆ. ನೆಗಡಿ ಹಿಡಿದ ಎರಡನೆಯ ರಾತ್ರಿಗೇ ಕೆಮ್ಮು, ಎದೆಯಲ್ಲಿ ಸುಯ್ ಎಂಬ ಸದ್ದು. ಅದೇ ನೆಗಡಿ ಅವನ ಅಕ್ಕನಿಗೂ ಅಂಟುತ್ತದೆ. ಅವಳು ಮೂಗು ಒರೆಸಿಕೊಂಡು ಆಡುತ್ತಿರುತ್ತಾಳೆ. ಇವನಿಗೆ ರೋಗನಿರೋಧಕ ಶಕ್ತಿ ಸಾಲದೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಟಾನಿಕ್ ಏನಾದರೂ ಕೊಡಬಹುದೇ?

ಉತ್ತರ (ಮಕ್ಕಳ ವೈದ್ಯರು): ನಮಸ್ಕಾರ. ಟಾನಿಕ್ ಬೇಡ. ‘ಶಕ್ತಿ’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬಿಂದಿಗೆಯ ನೀರಿನಂತೆ ತುಂಬಿದೆ, ತಗ್ಗಿದೆ ಎಂದು ಅಳೆಯುವ ವಸ್ತುವಲ್ಲ ಅದು. ನಿಮ್ಮ ಮಗನಂಥ ಮಕ್ಕಳಲ್ಲಿ ದೇಹದ ರಕ್ಷಣೆಯ ಒಂದು ಪಡೆ ತಡವಾಗಿ ಹೊರಡುತ್ತದೆ, ಇನ್ನೊಂದು ಕರೆಯುವ ಮೊದಲೇ ನುಗ್ಗುತ್ತದೆ.

ಈ ವಯಸ್ಸಿನಲ್ಲಿ ಉಬ್ಬಸ ಕೆರಳಿಸುವುದು ಬಹುಪಾಲು ನೆಗಡಿಯ ವೈರಸ್‌ಗಳು, ಮುಖ್ಯವಾಗಿ ರೈನೋವೈರಸ್. ಅದು ಶ್ವಾಸನಾಳದ ಒಳಪದರದ ಜೀವಕೋಶಗಳಿಗೆ ಸೇರಿಕೊಂಡಾಗ, ಆ ಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನ್ ಸುರಿಸಿ ವೈರಸ್ ಹೆಚ್ಚದಂತೆ ತಡೆಯಬೇಕು. ಅಲರ್ಜಿಯ ಒಲವಿರುವ ಹಲವು ಮಕ್ಕಳಲ್ಲಿ ಇದು ದುರ್ಬಲ. ಅದೇ ಹೊತ್ತಿಗೆ ಗಾಯಗೊಂಡ ಕೋಶಗಳು ಇಂಟರ್‌ಲ್ಯೂಕಿನ್-33ರಂಥ ಅಪಾಯದ ಸಂಕೇತಗಳನ್ನು ಕಳುಹಿಸುತ್ತವೆ. ಅವುಗಳಿಂದ ಎಚ್ಚೆತ್ತ ಕೋಶಗಳು ಇಂಟರ್‌ಲ್ಯೂಕಿನ್-5 ಮತ್ತು 13ನ್ನು ಬಿಡುತ್ತವೆ. ಮೊದಲನೆಯದು ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುತ್ತದೆ. ಎರಡನೆಯದು ಕಫ ಹೆಚ್ಚಿಸಿ, ನಾಳದ ಸ್ನಾಯು ಸಣ್ಣ ನೆಪಕ್ಕೂ ಬಿಗಿಯುವಂತೆ ಮಾಡುತ್ತದೆ. ದೂಳಿನ ಅಲರ್ಜಿಯೂ ಇದ್ದರೆ ಕಷ್ಟ ಇಮ್ಮಡಿ, ಏಕೆಂದರೆ ಅಲರ್ಜಿಯ ಐಜಿಇ ಪ್ರತಿಕಾಯವೇ ಇಂಟರ್‌ಫೆರಾನನ್ನು ಇನ್ನಷ್ಟು ಕುಗ್ಗಿಸುತ್ತದೆ. ಐಜಿಇಯನ್ನು ಕಟ್ಟಿಹಾಕುವ ಚುಚ್ಚುಮದ್ದು ಪಡೆದ ದೊಡ್ಡ ಮಕ್ಕಳಲ್ಲಿ ನೆಗಡಿಯ ಕಾಲದ ಉಬ್ಬಸ ತಗ್ಗಿದ್ದು ಇದಕ್ಕೆ ಒಳ್ಳೆಯ ಪುರಾವೆ. (ಉಬ್ಬಸಕ್ಕೆಂದು 6 ವರ್ಷದೊಳಗಿನವರಿಗೆ ಅದನ್ನು ಕೊಡುವುದಿಲ್ಲ.)

ಜೊತೆಗೆ ಮಗುವಿನ ನಾಳಗಳೇ ಸಣ್ಣವು. ನಾಳದ ಅಗಲ ಅರ್ಧವಾದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ಸುಮಾರು 16 ಪಟ್ಟು.

ಮತ್ತೊಬ್ಬ ಸದಸ್ಯರು: ಹಾಗಾದರೆ ಆ್ಯಂಟಿಬಯೋಟಿಕ್?

ಉತ್ತರ: ಅದು ವೈರಸ್ಸನ್ನು ಮುಟ್ಟುವುದಿಲ್ಲ. ಬ್ಯಾಕ್ಟೀರಿಯಾ ಸೋಂಕಿನ ಲಕ್ಷಣ ಕಂಡರೆ ಮಾತ್ರ.

ಪ್ರಶ್ನೆ ಕೇಳಿದವರು: ದಿನವೂ ಹಾಕಲು ಒಂದು ಇನ್ಹೇಲರ್ ಕೊಟ್ಟಿದ್ದಾರೆ. ಅದರಲ್ಲಿ ಸ್ಟೀರಾಯ್ಡ್ ಇದೆಯೆಂದು ತಿಳಿದು, ಮಗ ಚೆನ್ನಾಗಿದ್ದಾಗ ನಿಲ್ಲಿಸಿಬಿಡುತ್ತೇನೆ. ಉಸಿರು ಬಿಗಿದಾಗ ಹಾಕುವ ಸಾಲ್ಬುಟಮಾಲ್ ಸಾಕಲ್ಲವೇ?

ಉತ್ತರ: ಈ ತಪ್ಪನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ, ಬೇಸರಿಸಬೇಡಿ. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ ಅಷ್ಟೇ. ಒಳಗಿನ ಊತ ಹಾಗೆಯೇ ಉಳಿಯುತ್ತದೆ. ಇಯೋಸಿನೋಫಿಲ್‌ಗಳನ್ನು ತಗ್ಗಿಸುವುದು ಸ್ಟೀರಾಯ್ಡ್. ವರ್ಷಗಟ್ಟಲೆ ಬಳಸಿದರೆ ಎತ್ತರ ಸುಮಾರು 1 ಸೆಂಟಿಮೀಟರ್ ಕಡಿಮೆಯಾಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಪದೇ ಪದೇ ಉಸಿರು ಕಟ್ಟುವುದರ ಮುಂದೆ ಅದು ಸಣ್ಣ ಬೆಲೆ. ಡೋಸ್ ಇಳಿಸುವುದನ್ನು ನಿಮ್ಮ ವೈದ್ಯರೊಂದಿಗೆ ಕುಳಿತು ನಿರ್ಧರಿಸಿ. ಇನ್ಹೇಲರ್‌ಗೆ ಜೋಡಿಸುವ ಕೊಳವೆಯ (ಸ್ಪೇಸರ್) ಮಾಸ್ಕ್ ಮುಖಕ್ಕೆ ಸರಿಯಾಗಿ ಒತ್ತಿಕೊಳ್ಳುತ್ತಿದೆಯೇ ಎಂದೂ ತೋರಿಸಿಕೊಳ್ಳಿ. ಮಗು ಅಳುತ್ತಿದ್ದರೆ ಔಷಧಿ ಒಳಗೆ ಇಳಿಯುವುದೇ ಕಡಿಮೆ.

ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಗುಳಿ ಬೀಳುವುದು, ಮಾತು ಪೂರ್ತಿ ಮಾಡಲಾಗದಿರುವುದು, ತುಟಿ ನೀಲಿಯಾಗುವುದು ಕಂಡರೆ ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ. ಸಾಲ್ಬುಟಮಾಲ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.