ಲೈಟ್‌ಗನ್ ಆರ್ಕೇಡ್ ಯಂತ್ರದಲ್ಲಿ ಗುರಿ ತಪ್ಪುತ್ತಿದೆ: ಪರದೆ ಬದಲಿಸಬೇಕೇ?

ಪ್ರಶ್ನೆ: ಟಿವಿಯ ಸೈನ್ಸ್ ಫಿಕ್ಷನ್ ಧಾರಾವಾಹಿ ಆಧರಿಸಿದ, ಇಬ್ಬರು ಆಡುವ ಹಳೆಯ ಶೂಟಿಂಗ್ ಯಂತ್ರ. ಟ್ರಿಗರ್ ಒತ್ತಿದರೆ ಪರದೆ ಕ್ಷಣಮಾತ್ರ ಬೆಳ್ಳಗಾಗುತ್ತದೆ. ಎಡಗನ್ನಿನ ಹೊಡೆತ ಆಗಾಗ ದಾಖಲಾಗುವುದೇ ಇಲ್ಲ. ಮೂಲೆಗಳಲ್ಲಂತೂ ಎರಡೂ ಗನ್ ಗುರಿ ತಪ್ಪುತ್ತವೆ. ಪಿಕ್ಚರ್ ಟ್ಯೂಬ್ ತೆಗೆದು ಎಲ್‌ಸಿಡಿ ಹಾಕಿದರೆ ಸರಿಹೋದೀತೇ?

ಉತ್ತರ 1
ದಯವಿಟ್ಟು ಎಲ್‌ಸಿಡಿ ಹಾಕಬೇಡಿ. ಪರದೆ ಬೆಳ್ಳಗಾಗುತ್ತದೆ ಅಂದರೆ ಗನ್ ಬೆಳಕನ್ನೇ ಓದುತ್ತಿದೆ. ಸಿಆರ್‌ಟಿಯಲ್ಲಿ, ಅಂದರೆ ಪಿಕ್ಚರ್ ಟ್ಯೂಬಿನ ಪರದೆಯಲ್ಲಿ, ಎಲೆಕ್ಟ್ರಾನ್ ಕಿರಣ ಗೆರೆಗೆರೆಯಾಗಿ ಚಿತ್ರ ಮೂಡಿಸುತ್ತದೆ. 15 ಕಿಲೋಹರ್ಟ್ಸ್ ಮಾನಿಟರ್ ಆದರೆ ಒಂದು ಗೆರೆಗೆ ಸುಮಾರು 63 ಮೈಕ್ರೋಸೆಕೆಂಡ್. ಗನ್ನಿನ ಫೋಟೋಡಯೋಡ್‌ಗೆ (ಬೆಳಕನ್ನು ಗುರುತಿಸುವ ಬಿಡಿಭಾಗ) ಬೆಳಕು ತಾಗಿದ ಗಳಿಗೆಯಿಂದಲೇ ಆಟದ ಸರ್ಕ್ಯೂಟ್ ಬೋರ್ಡು ಗುರಿಯಿಟ್ಟ ಜಾಗ ಲೆಕ್ಕ ಹಾಕುತ್ತದೆ. ಎಲ್‌ಸಿಡಿಯಲ್ಲಿ ಅಂಥ ಕಿರಣವೇ ಇಲ್ಲ, ಚಿತ್ರವೂ ತಡವಾಗಿ ಬರುತ್ತದೆ. ಎಷ್ಟು ಕ್ಯಾಲಿಬ್ರೇಟ್ ಮಾಡಿದರೂ (ಗುರಿ ಹೊಂದಿಸಿದರೂ) ಕೂಡಿಬರುವುದಿಲ್ಲ.

ಎಡಗನ್ನಿನ ತೊಂದರೆಯನ್ನೂ ಮೂಲೆಯ ತೊಂದರೆಯನ್ನೂ ಬೇರೆ ಬೇರೆಯಾಗಿ ನೋಡಿ. ಪವರ್ ಆರಿಸಿ, ಎರಡು ಗನ್ನುಗಳ ಕನೆಕ್ಟರ್‌ಗಳನ್ನು ಬೋರ್ಡಿನ ಹತ್ತಿರ ಅದಲುಬದಲು ಮಾಡಿ. ದೋಷ ಗನ್ನಿನ ಜೊತೆ ಹೋದರೆ ಗನ್ ಅಥವಾ ಅದರ ಕೇಬಲ್ ಕೆಟ್ಟಿದೆ. ಎಡ ಆಟಗಾರನ ಕಡೆಯೇ ಉಳಿದರೆ ಬೋರ್ಡು.

ಉತ್ತರ 2
ಬಹುಪಾಲು ಸಲ ಕೇಬಲ್ಲೇ ಕೆಟ್ಟಿರುತ್ತದೆ. ಹೊರಗಿನ ಲೋಹದ ಕೊಳವೆ ಗಟ್ಟಿಯಾಗಿಯೇ ಕಾಣುತ್ತದೆ, ಆದರೆ ಹಿಡಿಕೆಯ ಬುಡದಲ್ಲಿ ಬಾಗಿ ಬಾಗಿ ಒಳಗಿನ ತಂತಿ ತುಂಡಾಗಿರುತ್ತದೆ. ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ತಂತಿ ಕಡಿಯದೆ ಇದ್ದರೆ ಬೀಪ್ ಮಾಡುವ ಸೆಟ್ಟಿಂಗ್) ಇಟ್ಟು, ಒಂದೊಂದೇ ತಂತಿ ಪರೀಕ್ಷಿಸುತ್ತಾ ಕೇಬಲ್ಲನ್ನು ಬಗ್ಗಿಸಿ ನೋಡಿ. ಬೀಪ್ ಕಡಿದು ಕಡಿದು ಬಂದರೆ ಅಲ್ಲೇ ಮುರಿದಿದೆ. ಅಷ್ಟು ಭಾಗ ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿ, ಎಳೆತ ಬೆಸುಗೆಯ ಮೇಲೆ ಬೀಳದಂತೆ ಕೇಬಲ್ಲನ್ನು ಒಳಗೆ ಕ್ಲ್ಯಾಂಪ್ ಮಾಡಿ. ಕ್ಲ್ಯಾಂಪ್ ಬಿಟ್ಟರೆ ಅದೇ ಜಾಗ ಮತ್ತೆ ಕಿತ್ತು ಬರುತ್ತದೆ.

ತಂತಿಗಳು ಸರಿಯಿದ್ದರೆ ಟ್ರಿಗರಿನ ಒಳಗಿನ ಪುಟ್ಟ ಮೈಕ್ರೋಸ್ವಿಚ್ ನೋಡಿ. ಹಾಗೆಯೇ, 5 ವೋಲ್ಟ್ ಸಪ್ಲೈ ಇರುವ ಗನ್ ಆದರೆ ಯಂತ್ರ ಓಡುತ್ತಿರುವಾಗ ಗನ್ನಿನ ತುದಿಯಲ್ಲೇ ವೋಲ್ಟೇಜ್ ಅಳೆಯಿರಿ. ಬೋರ್ಡಿನ ಬಳಿ 5 ತೋರಿಸಿ ಗನ್ನಿನ ತುದಿಯಲ್ಲಿ 4.7ಕ್ಕೆ ಇಳಿದಿದ್ದರೆ, ತುಕ್ಕು ಹಿಡಿದ ಕನೆಕ್ಟರ್ ಪಿನ್ನಿನ ಮೇಲೆ ಅನುಮಾನಪಡಿ.

ಉತ್ತರ 3
ಮೂಲೆಗಳಿಗೆ ಬರೋಣ. ಅಲ್ಲಿ ಬೇಕಾದಷ್ಟು ಬೆಳಕು ಗನ್ನಿಗೆ ತಲುಪದಿರಬಹುದು. ಪರದೆಯ ಮುಂದಿನ ಗಾಜು, ಗನ್ನಿನ ಲೆನ್ಸ್ ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಅಸಿಟೋನ್ ಬೇಡವೇ ಬೇಡ, ಪ್ಲಾಸ್ಟಿಕ್ ಲೆನ್ಸ್ ಮಂಜಾಗಿ ಹೋಗುತ್ತದೆ. ಬಿಚ್ಚುವಾಗ ಲೆನ್ಸಿನ ಉಬ್ಬಿದ ಬದಿ ಯಾವ ಕಡೆಗಿತ್ತು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ತಿರುಗಿಸಿ ಕೂರಿಸಿದರೆ ಫೋಕಸ್ ಕೆಡುತ್ತದೆ.

ಆಮೇಲೆ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಸ್ವಲ್ಪ ಸ್ವಲ್ಪವೇ ಏರಿಸಿ. ಆಟದ ಬಾಹ್ಯಾಕಾಶ ನೌಕೆಯ ಓಣಿಗಳು ಕತ್ತಲೆಯಾಗಿಯೇ ಕಾಣಲೆಂದು ಯಾರಾದರೂ ಬೆಳಕು ತಗ್ಗಿಸಿಟ್ಟಿರಬಹುದು. ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗಿ, ತೆಳ್ಳಗೆ ಗೆರೆಗಳು ಕಾಣತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಯಂತ್ರದ ಎದುರಿನ ಟ್ಯೂಬ್‌ಲೈಟ್ ಆರಿಸಿಯೂ ಒಮ್ಮೆ ಪರೀಕ್ಷಿಸಿ.

ಉತ್ತರ 4
ಒಂದು ಎಚ್ಚರಿಕೆ. ಬಣ್ಣದ ಪಿಕ್ಚರ್ ಟ್ಯೂಬಿನ ಆನೋಡ್‌ನಲ್ಲಿ (ಅಧಿಕ ವೋಲ್ಟೇಜ್ ಸೇರುವ ತುದಿ) 20,000 ವೋಲ್ಟ್‌ಗೂ ಹೆಚ್ಚು ಇರುತ್ತದೆ, ಪವರ್ ಆರಿಸಿದ ಮೇಲೂ ಉಳಿದಿರಬಹುದು. ಮಾನಿಟರಿನ ಚಾಸಿ (ಸರ್ಕ್ಯೂಟ್ ಇರುವ ಭಾಗ) ಹೊರತೆಗೆಯಬೇಕಾಗಿ ಬಂದರೆ ಅನುಭವಿ ತಂತ್ರಜ್ಞರ ಕೈಗೆ ಕೊಡಿ.

ಇನ್ನು, ನಿಮ್ಮದು 2002ರ ‘ಸ್ಟಾರ್ ಟ್ರೆಕ್: ವಾಯೇಜರ್’ ಯಂತ್ರದ ಕಾಲದ್ದಾಗಿ, ಒಳಗೆ ಪಿಸಿ ಮದರ್‌ಬೋರ್ಡು, ಹಾರ್ಡ್ ಡಿಸ್ಕ್ ಇದ್ದರೆ, ಬೇರೆ ಏನನ್ನೂ ಮುಟ್ಟುವ ಮೊದಲು ಡಿಸ್ಕಿನ ಪೂರ್ತಿ ಇಮೇಜ್ (ಯಥಾವತ್ ನಕಲು) ತೆಗೆದಿಡಿ. ಕೆಲವು ಆಟಗಳು ಮೂಲ ಡಿಸ್ಕ್ ಅಥವಾ ಡಾಂಗಲ್ (ನಕಲು ತಡೆಯಲು ಸಿಕ್ಕಿಸುವ ಪುಟ್ಟ ಸಾಧನ) ಇಲ್ಲದೆ ಓಡುವುದಿಲ್ಲ, ಹಾಗಾಗಿ ಹಳೆಯದನ್ನು ಎಸೆಯಬೇಡಿ. ಆ ವರ್ಷಗಳ ಮದರ್‌ಬೋರ್ಡುಗಳಲ್ಲಿ ತಲೆ ಉಬ್ಬಿದ ಕೆಪಾಸಿಟರ್ ತೀರಾ ಸಾಮಾನ್ಯ, ಅಂಥವಿದ್ದರೆ ಬದಲಿಸಿ.

ಉತ್ತರ 2 ಬರೆದವರು, ಮತ್ತೊಮ್ಮೆ
ಕ್ಯಾಲಿಬ್ರೇಷನ್ ಎಲ್ಲಕ್ಕಿಂತ ಕೊನೆಗೆ. ಮಾನಿಟರ್ ಅರ್ಧ ಗಂಟೆ ಬಿಸಿಯಾಗಲಿ, ಚಿತ್ರದ ಅಗಲ, ಎತ್ತರ, ಜಾಗ ಮೊದಲು ಸರಿಪಡಿಸಿ. ಆಟಗಾರ ನಿಲ್ಲುವ ದೂರದಲ್ಲೇ ನಿಂತು, ಟೆಸ್ಟ್ ಮೆನುವಿನಲ್ಲಿ ಪ್ರತಿ ಗನ್ನನ್ನೂ ಪ್ರತ್ಯೇಕವಾಗಿ ಕ್ಯಾಲಿಬ್ರೇಟ್ ಮಾಡಿ. ಆ ಬಳಿಕ ಚಿತ್ರವನ್ನು ಕೂದಲೆಳೆಯಷ್ಟು ಸರಿಸಿದರೂ ಕ್ಯಾಲಿಬ್ರೇಷನ್ ಮತ್ತೆ ಮೊದಲಿನಿಂದ ಮಾಡಬೇಕು.