1972ರ ಏರ್‌ಸ್ಟ್ರೀಮ್: ಹಿಂಬದಿ ನೆಲ ಕೊಳೆತಿದೆ, ಮೈ ಪೂರ್ತಿ ಎತ್ತಲೇಬೇಕಾ?

ಬೆಳ್ಳಿಬಂಡಿ:
ಏರ್‌ಸ್ಟ್ರೀಮ್ ಅಂದ್ರೆ ವಾಹನದ ಹಿಂದೆ ಕಟ್ಟಿ ಎಳೆಯುವ ಮನೆ-ಗಾಡಿ (ಟ್ರೇಲರ್). ನನ್ನದು 27 ಅಡಿಯ ಓವರ್‌ಲ್ಯಾಂಡರ್ ಮಾಡೆಲ್. ಹಿಂದೆ ಬಾತ್‌ರೂಮ್ ಹತ್ತಿರ ಕಾಲಿಟ್ಟರೆ ನೆಲ ಕುಸಿಯುತ್ತೆ. ಗೋಡೆ ಪಕ್ಕ ಸ್ಕ್ರೂಡ್ರೈವರ್ ಚುಚ್ಚಿದರೆ ಪ್ಲೈವುಡ್ ಪುಡಿಪುಡಿ. ಮುಂಭಾಗ ಗಟ್ಟಿ ಇದೆ. ಅಲ್ಯೂಮಿನಿಯಂ ಮೈಯನ್ನು ಚಾಸಿಯಿಂದ ಎತ್ತದೆ ಹಿಂದಿನದಷ್ಟೇ ಬದಲಾಯಿಸಬಹುದಾ? ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ಸುರಿದರೆ ಸಾಕು ಅಂತಲೂ ಕೆಲವರು ಹೇಳ್ತಾರೆ.

ರಿವೆಟ್‌ರಾಯ:
ಎಪಾಕ್ಸಿ ಬೇಡ ಸಾರ್. ಈ ಗಾಡಿಯಲ್ಲಿ ಪ್ಲೈವುಡ್ ಬರೀ ನಡೆದಾಡೋಕೆ ಇರುವ ನೆಲ ಅಲ್ಲ. ಗೋಡೆಯ ಬುಡದಲ್ಲಿ ಸುತ್ತಲೂ ಅಲ್ಯೂಮಿನಿಯಂ ಚಾನಲ್ ಓಡುತ್ತೆ. ಅದರಿಂದ ಇಳಿದ ಬೋಲ್ಟ್ ಪ್ಲೈವುಡ್ ದಾಟಿ ಕಬ್ಬಿಣದ ಫ್ರೇಮ್‌ಗೆ ಬಿಗಿಯಾಗಿರುತ್ತೆ. ನಡುವಿನ ಮರ ಕೊಳೆತರೆ ಬೋಲ್ಟ್‌ಗೆ ಹಿಡಿತವೇ ಇಲ್ಲ, ಮೈ ಒಂದು ಕಡೆ, ಚಾಸಿ ಒಂದು ಕಡೆ.

ಮೊದಲು ಒಬ್ಬರು ಹಿಂದಿನ ಬಂಪರ್ ಮೇಲೆ ನಿಂತು ಮೇಲೆ ಕೆಳಗೆ ಕುಲುಕಲಿ, ಇನ್ನೊಬ್ಬರು ಬಂಪರ್ ಮತ್ತು ಮೈ ಸೇರುವ ಜಾಗ ನೋಡಲಿ. ಮೈ ಅಲ್ಲಾಡದೆ ಬಂಪರ್ ಮಾತ್ರ ಇಳಿದರೆ ಬೇರ್ಪಟ್ಟಿದೆ ಅಂತಲೇ ಲೆಕ್ಕ.

ಬೆಳ್ಳಿಬಂಡಿ:
ನೋಡಿದೆ. ಸುಮಾರು ಅರ್ಧ ಇಂಚು ಬಾಯಿ ಬಿಡುತ್ತೆ.

ರಿವೆಟ್‌ರಾಯ:
ಹಾಗಾದ್ರೆ ರಿಪೇರಿ ಆಗೋವರೆಗೆ ರಸ್ತೆಗೆ ಇಳಿಸಬೇಡಿ. ಆದರೆ ಮುಂಭಾಗ ನಿಜಕ್ಕೂ ಗಟ್ಟಿ ಇದ್ದರೆ ಮೈ ಪೂರ್ತಿ ಎತ್ತಬೇಕಿಲ್ಲ.

ಒಳಗೋಡೆಯ ಕೆಳಭಾಗದ ಲೋಹದ ಹಾಳೆ ಬಿಚ್ಚಿ. ಅದನ್ನು ಹಿಡಿದಿರೋದು 1/8 ಇಂಚಿನ ಪಾಪ್ ರಿವೆಟ್ (ಹಾಳೆ ಜೋಡಿಸುವ ಲೋಹದ ಗುಬುಟು), 30ನೇ ನಂಬರ್ ಡ್ರಿಲ್ ಬಿಟ್‌ನಲ್ಲಿ ತಲೆ ಮಾತ್ರ ಕೊರೆಯಿರಿ. ಆಳಕ್ಕೆ ಹೋದರೆ ತೂತು ದೊಡ್ಡದಾಗಿ ಹೊಸ ರಿವೆಟ್ ಕೂರಲ್ಲ. ಗೋಡೆಯೊಳಗೆ ತುಂಬಿದ ಒದ್ದೆ ಫೈಬರ್‌ಗ್ಲಾಸ್ ಕಿತ್ತು ಬಿಸಾಕಿ, ಇಲಿ ಗೂಡು ಗ್ಯಾರಂಟಿ, ಮಾಸ್ಕ್ ಇರಲಿ. ತುಕ್ಕು ಹಿಡಿದ ಬೋಲ್ಟ್ ಕತ್ತರಿಸಿ, ಮೈಗೆ ಒಳಗಿಂದ ಅಡ್ಡಗಂಬ ಕೊಟ್ಟು ಹಿಂಬದಿಯನ್ನು ಸ್ವಲ್ಪವೇ ಜಾಕ್ ಮಾಡಿ.

ಹಳೇ ಹಲಗೆಯನ್ನು ಫ್ರೇಮ್‌ನ ಅಡ್ಡಪಟ್ಟಿ ಮೇಲೇ ಕತ್ತರಿಸಿ, ಜೋಡಣೆ ಗಾಳಿಯಲ್ಲಿ ನೇತಾಡಬಾರದು. ಹೊಸ ಹಲಗೆ ಹಳೆಯದರಷ್ಟೇ ದಪ್ಪ ಇರಲಿ, ಕೊಳೆಯದ ಕಡೆ ಅಳೆದು ತನ್ನಿ. ದಪ್ಪ ಹೆಚ್ಚಾದರೆ ಗೋಡೆ ಮೇಲೆದ್ದು ರಿವೆಟ್ ತೂತುಗಳು ತಾಳೆಯಾಗಲ್ಲ. ಮೂಲೆಯ ತಿರುವಿಗೆ ಒಂದೇ ತುಂಡು ಒಳಗೆ ಹೋಗಲ್ಲ, ಎರಡು ಮಾಡಿ. ಎಪಾಕ್ಸಿ ಈಗ ಬಳಸಿ: ಅಂಚಿಗೂ ಬೋಲ್ಟ್ ತೂತಿನ ಒಳಮೈಗೂ ಎರಡು ಕೋಟ್.

ಓಹಾಯೋ_ಕನ್ನಡಿಗ:
ರಾಯರು ಹೇಳಿದ್ದು ಸರಿ, ಆದರೆ ನೀರು ಬರುವ ದಾರಿ ಮುಚ್ಚದೆ ಹೊಸ ಹಲಗೆ ಹಾಕಿದರೆ ಅದೂ ಕೊಳೆಯುತ್ತೆ. ಒಳಹಾಳೆ ಬಿಚ್ಚಿದ ಮೇಲೆ ಹೊರಗಿಂದ ನೀರಿನ ಪೈಪ್ ಹಿಡಿದು ಒಳಗೆ ಎಲ್ಲಿ ಸೋರುತ್ತೆ ನೋಡಿ. ಕೆಳಗಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ 10 ನಿಮಿಷ, ಆಮೇಲಷ್ಟೇ ಮೇಲಕ್ಕೆ. ಮೇಲಿಂದ ಬಿಟ್ಟರೆ ಎಲ್ಲಾ ಕಡೆ ಒದ್ದೆಯಾಗಿ ತೂತು ಯಾವುದು ಅಂತ ಗೊತ್ತಾಗಲ್ಲ. ಹಿಂದಿನ ಬಂಪರ್‌ನಲ್ಲಿರುವ ಸಾಮಾನು ಡಬ್ಬಿಯ ಮುಚ್ಚಳ, ಟೇಲ್ ಲೈಟ್, ಹಿಂದಿನ ಕಿಟಕಿ, ಇವೇ ಹಳೇ ಕಳ್ಳರು. ಸಿಲಿಕೋನ್ ಹಚ್ಚಲೇಬೇಡಿ, ಅದರ ಮೇಲೆ ಆಮೇಲೆ ಏನೂ ಅಂಟಲ್ಲ. ಪಾಲಿಯುರೆಥೇನ್ ಸೀಲೆಂಟ್ ಸಾಕು.

ಕಬ್ಬಿಣಕ್ಕೆ ಅಲ್ಯೂಮಿನಿಯಂ ತಾಗುವ ಕಡೆ ನಡುವೆ ಟೇಪ್ ಹಾಕಿ, ಇಲ್ಲದಿದ್ದರೆ ನೀರು ಸೋಕಿದಾಗ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತೆ.

ಆಕ್ಸಲ್ ಕೂಡ ನೋಡಿಬಿಡಿ. ಒಳಗಿರೋದು ಸ್ಪ್ರಿಂಗ್ ಅಲ್ಲ, ರಬ್ಬರ್. ಗಾಡಿ ಚಕ್ರದ ಮೇಲೆ ನಿಂತಿರುವಾಗ ಆಕ್ಸಲ್‌ನಿಂದ ಚಕ್ರಕ್ಕೆ ಹೋಗುವ ತೋಳು ಚಕ್ರದ ಕಡೆಗೆ ಕೆಳಮುಖವಾಗಿರಬೇಕು. ಮಟ್ಟಸವಾಗಿಯೋ ಮೇಲ್ಮುಖವಾಗಿಯೋ ಇದ್ದರೆ ರಬ್ಬರ್ ಸತ್ತಿದೆ. ರಸ್ತೆಯ ಪ್ರತಿ ಹೊಡೆತವೂ ನೇರ ಫ್ರೇಮ್‌ಗೆ, ಅಲ್ಲಿಂದ ನಿಮ್ಮ ಹೊಸ ಬೋಲ್ಟ್‌ಗಳಿಗೆ. ಅದು ರಿಪೇರಿ ಆಗೋ ಸಾಮಾನಲ್ಲ, ಹೊಸ ಆಕ್ಸಲ್ಲೇ ಹಾಕಿಸಿ.